ದವಡೆಗಿಟ್ಟು ಕೇಳಿದ ಶಟರ್

ಜೂನ್ ೩

ಮಾಮನಿಗೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಅಪ್ಪಿತಪ್ಪಿ ಎತ್ತಿದರೂ ಅತ್ತೆಯ ಕೈಗೆ ಕೊಟ್ಟು ಎದ್ದು ಹೋಗುತ್ತೀಯ. "ಫೋನಲ್ಲಿ ಆಡಿದ್ದೆಲ್ಲ ಗಾಳಿಗೆ ಹೋಗುತ್ತೆ, ಏನಿದ್ರೂ ಬರೆದು ಕಳಿಸಲಿ ಅಂತಿದಾರೆ ಕಣೇ ನಿನ್ನ ಮಾಮ" ಎಂದರು ಅತ್ತೆ. ಸರಿ, ಬರೆದಿದ್ದೇನೆ. ಅಂಚೆ ಕವರ್ ಎಲ್ಲಿ ಸಿಗುತ್ತದೆ ಎಂದು ಈ ಊರಲ್ಲಿ ನಾಲ್ಕು ಜನರನ್ನು ಕೇಳಿದೆ. ನಾಲ್ಕೂ ಜನ ನನ್ನ ಮುಖವನ್ನು ಮೇಲಿಂದ ಕೆಳಗೆ ನೋಡಿದರು.

ವಿಷಯ ಏನೆಂದರೆ, ಸ್ಟುಡಿಯೋ ಕೆಲಸ ಬಿಡುತ್ತಿದ್ದೇನೆ. "ಗದ್ದ ಸ್ವಲ್ಪ ಮೇಲೆ, ನಗಬೇಡಿ" ಎನ್ನುತ್ತಾ ಪಾಸ್‌ಪೋರ್ಟ್ ಫೋಟೋ ತೆಗೆದೂ ತೆಗೆದೂ ನನ್ನ ಮುಖವೇ ಪಾಸ್‌ಪೋರ್ಟ್ ಫೋಟೋ ಆಗಿಬಿಟ್ಟಿದೆ. ಇನ್ನು ಮನೆಮನೆಗೆ ಹೋಗಿ ಚಿಕ್ಕ ಮಕ್ಕಳ ಫೋಟೋ ತೆಗೆಯುತ್ತೇನೆ. ಸ್ಟುಡಿಯೋ ಯಜಮಾನರಿಗೆ ಹೇಳಿಯೂ ಆಯಿತು. ಜುಲೈ ಮುಗಿದರೆ ನನ್ನ ಜಾಗಕ್ಕೆ ಬೇರೆ ಹುಡುಗಿ ಬರುತ್ತಾಳೆ.

ಆದರೆ ಕ್ಯಾಮೆರಾ ನನ್ನದಲ್ಲ, ಸ್ಟುಡಿಯೋದ್ದು. ಹೊಸದು ನನ್ನ ಕೈಗೆ ಎಟುಕುವುದಿಲ್ಲ. ಸೆಕೆಂಡ್ ಹ್ಯಾಂಡ್ ಮಿರರ್‌ಲೆಸ್ ಒಂದನ್ನು ನೋಡಿ ಬಂದಿದ್ದೇನೆ. ನಿನ್ನ ಕಾಲದ ಕ್ಯಾಮೆರಾಗಳಲ್ಲಿ ಗುಂಡಿ ಒತ್ತಿದಾಗ ಒಳಗೆ ಕನ್ನಡಿ ಎಗರುತ್ತಿತ್ತಲ್ಲ, ಅದು ಇದರಲ್ಲಿ ಇಲ್ಲ. ಶಟರ್ ಮಾತ್ರ ಇದೆ. ಇಷ್ಟು ವರ್ಷ ಕೂಡಿಟ್ಟಿದ್ದನ್ನೆಲ್ಲ ಇದೊಂದಕ್ಕೇ ಸುರಿಯಬೇಕು. ಸವೆದ ಶಟರ್ ತಲೆಗೆ ಕಟ್ಟಿದರೆ ರಿಪೇರಿ ಮಾಡಿಸುವ ಗತಿಯೂ ಇರುವುದಿಲ್ಲ, ಮತ್ತೆ ಯಜಮಾನರ ಮುಂದೆ ಹೋಗಿ ಕೈಕಟ್ಟಿ ನಿಲ್ಲಬೇಕು.

ಮಾರುವವರು ವಯಸ್ಸಾದ ಫೋಟೋಗ್ರಾಫರ್. ಮಂಡಿ ನೋವಂತೆ, ಕೆಲಸ ನಿಲ್ಲಿಸುತ್ತಿದ್ದಾರೆ. ಮನುಷ್ಯ ಒಳ್ಳೆಯವರ ಹಾಗೆ ಕಾಣುತ್ತಾರೆ, ಆದರೆ ಮಾತೆಲ್ಲ ಪಿಸುಪಿಸು. ಅವರ ಮನೆಯಲ್ಲೇ ಕೂತು, ಬಾಗಿಲು ಹಾಕಿದ್ದರೂ, ಕದ್ದ ಮಾಲು ಮಾರುವವರ ಹಾಗೆ ಪಿಸುಗುಟ್ಟುತ್ತಾರೆ. ಶಟರ್ ಎಷ್ಟು ಸಲ ಬಡಿದಿದೆ ಎನ್ನುವ ಲೆಕ್ಕ ಈಗ ಫೋಟೋ ಫೈಲಿನ ಒಳಗೇ ಅಡಗಿರುತ್ತದೆ, ಕಂಪ್ಯೂಟರಿಗೆ ಹಾಕಿದರೆ ತೋರಿಸುತ್ತದೆ. ಹಾಕಿ ನೋಡಿದೆ. ಒಂಬತ್ತು ಸಾವಿರ ಚಿಲ್ಲರೆ. ಇಂಥ ಶಟರ್ ಎರಡು ಲಕ್ಷ ದಾಟಿಯೂ ಬಾಳುತ್ತದೆ ಎನ್ನುತ್ತಾರೆ, ಆ ಲೆಕ್ಕದಲ್ಲಿ ಇದಿನ್ನೂ ಕೈಕೂಸು. ಆದರೆ ಹೊರಗಡೆ ನೋಡಿದರೆ ಹಿಡಿಕೆಯ ರಬ್ಬರ್ ಹಳೇ ಚಪ್ಪಲಿಯ ಹಾಗೆ ನುಣ್ಣಗಾಗಿದೆ, ಗುಂಡಿಗಳ ಮೇಲಿನ ಅಕ್ಷರ ಅಳಿಸಿಹೋಗಿದೆ, ಮೂಲೆಗಳಲ್ಲಿ ಬಣ್ಣವೇ ಇಲ್ಲ. ದಿನಾ ಕ್ಯಾಮೆರಾ ಹಿಡಿದು ಬದುಕಿದವರ ಶಟರ್ ಇಷ್ಟು ಕಡಿಮೆ ಓಡಿರುವುದು ಹೇಗೆ? ನೀನೇ ಹೇಳಬೇಕು.

ನಿನ್ನ ಮಿಡತೆ


ಜೂನ್ ೯

ಮಿಡತೆ,

ಕಾಗದ ತಲುಪಿತು. ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ, ಸಂತೋಷ. ಕೆಲಸ ಬಿಡುವ ಮುಂಚೆ ನನ್ನನ್ನು ಕೇಳಲಿಲ್ಲ, ಆದ್ದರಿಂದ ನಾನೂ ಏನೂ ಹೇಳುವುದಿಲ್ಲ. ಮಕ್ಕಳನ್ನು ಫೋಟೋಗೆ ಕೂರಿಸುವುದು ಕಪ್ಪೆ ತೂಗುವ ಕೆಲಸ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ.

ಆ ಅಂಕಿಯನ್ನು ನಂಬಿ ಕೂರಬೇಡ. ಶಟರ್ ಬದಲಾಯಿಸಿದಾಗ ಲೆಕ್ಕವನ್ನು ಸೊನ್ನೆಗೆ ತಂದುಬಿಡುವವರೂ ಇದ್ದಾರೆ. ಮೊದಲು ತಳದ ಸ್ಕ್ರೂಗಳನ್ನು ನೋಡು. ತಲೆಯ ಗೀರು ಕಿತ್ತು ಹೊಳೆಯುತ್ತಿದ್ದರೆ ಯಾರೋ ಬಿಚ್ಚಿದ್ದಾರೆ ಎಂದು ಅರ್ಥ. ಆಮೇಲೆ ಬಿಳಿ ಗೋಡೆಯ ಮುಂದೆ ನಿಂತು, ಅತಿ ಹೆಚ್ಚಿನ ವೇಗಕ್ಕೆ ಇಟ್ಟು, ಹತ್ತಾರು ಸಲ ಒತ್ತು. ಶಟರ್ ಎಂದರೆ ಎರಡು ಪರದೆ. ಮೊದಲನೆಯದು ಬೆಳಕಿಗೆ ಬಾಗಿಲು ತೆರೆಯುತ್ತದೆ, ಎರಡನೆಯದು ಅದರ ಬೆನ್ನಿಗೇ ಓಡಿ ಬಂದು ಮುಚ್ಚುತ್ತದೆ. ಸವೆದಾಗ ಒಂದು ಹಿಂದೆ ಬೀಳುತ್ತದೆ, ಆಗ ಫೋಟೋದ ಒಂದು ಅಂಚು ಕಪ್ಪಾಗುತ್ತದೆ. ಗೋಡೆ ಈ ತುದಿಯಿಂದ ಆ ತುದಿಗೆ ಒಂದೇ ಸಮ ಬಂದರೆ ಒಳ್ಳೆಯದು.

ನನ್ನ ಕ್ಯಾಮೆರಾ ರಿಪೇರಿ ಅಂಗಡಿ ಇದ್ದಿದ್ದರೆ ಇಷ್ಟೆಲ್ಲ ಬರೆಯುವ ಅಗತ್ಯವೇ ಇರಲಿಲ್ಲ. ಆ ಜಾಗ ನಿನಗೆ ನೆನಪಿದೆಯಾ? ಪಕ್ಕದಲ್ಲಿ ಹಿಟ್ಟಿನ ಗಿರಣಿ. ಬೆಳಿಗ್ಗೆಯಿಂದ ಸಂಜೆವರೆಗೆ ಗಡಗಡ ಗಡಗಡ. ಒರೆಸಿಟ್ಟ ಲೆನ್ಸಿನ ಮೇಲೆ ಮತ್ತೆ ಬಿಳೀ ಪುಡಿ, ನನ್ನ ಹುಬ್ಬಿನ ಮೇಲೆ ಬಿಳೀ ಪುಡಿ. ಬಂದವರು ಕಿರುಚಬೇಕು, ನಾನೂ ಕಿರುಚಬೇಕು. ಆ ಗದ್ದಲದಲ್ಲಿ ಶಟರಿನ ಸದ್ದು ಯಾವ ಕಿವಿಗೆ ಕೇಳಬೇಕು! ಅದಕ್ಕೇ ಕ್ಯಾಮೆರಾವನ್ನು ದವಡೆಗೆ ಒತ್ತಿ ಹಿಡಿದು ಗುಂಡಿ ಒತ್ತುವ ಅಭ್ಯಾಸ ಮಾಡಿಕೊಂಡೆ. ಪರದೆ ಓಡಿದ್ದು, ನಿಂತದ್ದು, ತಡವರಿಸಿದ್ದು ಎಲ್ಲ ಮೂಳೆಯಲ್ಲೇ ತಿಳಿಯುತ್ತಿತ್ತು. ಹೊಸ ಗಿರಾಕಿಗಳು "ಇವರಿಗೆ ಹಲ್ಲುನೋವಾ?" ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು.

ಶಾಲೆ ಬಿಟ್ಟ ಮೇಲೆ ನಿನ್ನಮ್ಮ ಬರುವವರೆಗೆ ನೀನು ಎದುರಿನ ಸ್ಟೂಲಿನ ಮೇಲೆ ಕೂತಿರುತ್ತಿದ್ದೆ. ಕೂತಿರುವುದೇನು, ಎಗರುತ್ತಿರುತ್ತಿದ್ದೆ. ಪರೀಕ್ಷೆಗೆ ಕ್ಯಾಮೆರಾ ಎತ್ತಿದರೆ ಸಾಕು, ನೆಟ್ಟಗೆ ಕೂತು ಹಲ್ಲು ಬಿಡುತ್ತಿದ್ದೆ. ಒಳಗೆ ಫಿಲಂ ರೋಲ್ ಇಲ್ಲ ಎಂದು ಹೇಳಲು ನನಗೆ ಒಂದು ದಿನವೂ ಮನಸ್ಸು ಬರಲಿಲ್ಲ.

ಗೋಡೆ ನೋಡಿ ಬರೆ.

ಮಾಮ


ಜೂನ್ ೧೫

ಮಾಮ,

ರೋಲ್ ಇರಲಿಲ್ಲವಾ?! ಇಷ್ಟು ವರ್ಷ ನಾನು ನಿನ್ನ ಅಟ್ಟದಲ್ಲೆಲ್ಲೋ ಒಂದು ಪೆಟ್ಟಿಗೆ ಇದೆ, ಅದರ ತುಂಬ ನನ್ನ ಬಾಲ್ಯ ಇದೆ ಎಂದುಕೊಂಡಿದ್ದೆ. ಮೊಣಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿಕೊಂಡಿದ್ದ ದಿನ ಕಾಲು ಮುಂದೆ ಚಾಚಿ ಪೋಸು ಕೊಟ್ಟಿದ್ದೆನಲ್ಲ, ಅದೂ ಖಾಲಿಯೇ? ಹೋಗು ಮಾಮ, ನಿನ್ನ ಜೊತೆ ಮಾತು ಬಿಟ್ಟೆ. ಆದರೂ ಆ ಗಿರಣಿಯ ವಾಸನೆ ಕಾಗದ ಓದುವಾಗಲೇ ಬಂದುಬಿಟ್ಟಿತು. ಬಿಸಿ ಹಿಟ್ಟು, ಮೆಷಿನ್ ಎಣ್ಣೆ, ನಿನ್ನ ಬನಿಯನ್. ಆ ಸ್ಟೂಲಿನಷ್ಟು ಸುಖವಾದ ಜಾಗದಲ್ಲಿ ನಾನು ಆಮೇಲೆ ಎಲ್ಲೂ ಕೂತಿಲ್ಲ, ನಿಜವಾಗಿ ಹೇಳುತ್ತಿದ್ದೇನೆ.

ಈಗ ಕೆಲಸದ ಮಾತು. ಪಿಸುಮಾತಿನವರ ಮನೆಗೆ ಮತ್ತೆ ಹೋಗಿದ್ದೆ. ಸ್ಕ್ರೂ ನೋಡಿದೆ, ಒಂದನ್ನೂ ಯಾರೂ ಮುಟ್ಟಿಲ್ಲ. ಗೋಡೆಯೂ ಒಂದೇ ಸಮ ಬಂತು. ಆದರೆ ನನ್ನ ಕಣ್ಣನ್ನು ನಾನೇ ನಂಬಲಾರೆ. ಯಜಮಾನರನ್ನು ಕೇಳಿದೆ, "ಅಷ್ಟು ಸವೆದ ಕ್ಯಾಮೆರಾಕ್ಕೆ ಅಷ್ಟು ಕಡಿಮೆ ಲೆಕ್ಕವಾ? ಯಾರೋ ಕೈ ಆಡಿಸಿದ್ದಾರೆ ಬಿಡಮ್ಮ" ಎಂದು ನಕ್ಕರು. ನಾನು ಬಿಟ್ಟು ಹೋಗುತ್ತಿರುವ ಸಿಟ್ಟು ಆ ನಗುವಿನಲ್ಲಿತ್ತು ಎಂದಿಟ್ಟುಕೊಂಡರೂ ಮಾತು ತಲೆಯೊಳಗೆ ಕೊರೆಯುತ್ತಿದೆ.

ಅದಕ್ಕೇ ಒಂದು ಉಪಾಯ ಮಾಡಿದ್ದೇನೆ. ಅವರು ಕ್ಯಾಮೆರಾ ಹಿಡಿದು ಒಂದೇ ಸಮನೆ ಗುಂಡಿ ಒತ್ತುತ್ತಾ ಹೋದರು, ನಾನು ಪಕ್ಕದಲ್ಲಿ ಫೋನ್ ಹಿಡಿದು ರೆಕಾರ್ಡ್ ಮಾಡಿದೆ. ಹೊರಗೆ ರಸ್ತೆ ಅಗೆಯುತ್ತಿದ್ದರು, ಆ ಮೆಷಿನ್ನಿನ ಆರ್ಭಟದಲ್ಲಿ ನನಗಂತೂ ಏನೂ ಕೇಳಲಿಲ್ಲ. ನಿನಗೆ ಕೇಳುತ್ತದೆ ಬಿಡು, ಗಿರಣಿಯ ಪಕ್ಕ ಕೂತು ಶಟರ್ ಹಿಡಿದವನು ನೀನು. ಅತ್ತೆಯ ಫೋನಿಗೆ ಕಳಿಸಿದ್ದೇನೆ. ನೀನು ಬೇಡ ಎಂದರೆ ಬೇಡ, ಬೇಕು ಎಂದರೆ ಬೇಕು. ಯಜಮಾನರು, ಗೋಡೆ, ಅಂಕಿ ಯಾವುದೂ ನನಗೆ ಲೆಕ್ಕಕ್ಕಿಲ್ಲ.

ಮಿಡತೆ


ಜೂನ್ ೨೦

ಮಿಡತೆ,

ರೆಕಾರ್ಡಿಂಗ್ ಕೇಳಿದೆ. ಆ ಕ್ಯಾಮೆರಾ ಬೇಡ.

ಎರಡನೇ ಪರದೆ ಕೊನೆಯಲ್ಲಿ ಎಳೆಯುತ್ತಿದೆ, ಕಾಲೆಳೆದುಕೊಂಡು ನಡೆಯುವವರ ಹಾಗೆ. ಗೋಡೆಯಲ್ಲಿ ಈಗ ಕಾಣದಿದ್ದರೂ ಆರು ತಿಂಗಳಲ್ಲಿ ಕಾಣುತ್ತದೆ. ಸದ್ಯಕ್ಕೆ ಸ್ಟುಡಿಯೋದಲ್ಲೇ ಇದ್ದು, ನಿಧಾನವಾಗಿ ಬೇರೆ ನೋಡು. ಅವಸರ ಏನಿದೆ?

ಅತ್ತೆ ಕೇಳಿದಳೆಂದು ತಿಳಿಸು ಎಂದಳು. ಇಲ್ಲಿ ಬಿಸಿಲು ಜೋರಾಗಿದೆ.

ಮಾಮ


ಜೂನ್ ೨೬

ಮಾಮನಿಗೆ,

ನಿನ್ನ ಕಾಗದ ಹಿಡಿದುಕೊಂಡು ನೇರವಾಗಿ ಅವರ ಮನೆಗೆ ಹೋದೆ. ಬಾಗಿಲಲ್ಲೇ ನಿಂತು, ವಯಸ್ಸಾದವರು ಎಂದೂ ನೋಡದೆ, "ನಮ್ಮ ಮಾಮ ಕೇಳಿದ್ದಾರೆ, ಎರಡನೇ ಪರದೆ ಎಳೀತಾ ಇದೆಯಂತೆ. ನೀವು ನನಗೆ ಮೋಸ ಮಾಡೋಕೆ ನೋಡಿದ್ರಿ" ಎಂದೆ. ಅಕ್ಕಪಕ್ಕದ ಮನೆಯವರು ಇಣುಕಿದರು.

ಅವರು ಕೋಪ ಮಾಡಿಕೊಳ್ಳಲಿಲ್ಲ. ನನ್ನನ್ನು ಒಳಗೆ ಕರೆದು, ಕೂರಿಸಿ, ಕ್ಯಾಮೆರಾ ತಂದು ನನ್ನ ಕಿವಿಯ ಪಕ್ಕ ಹಿಡಿದು ಗುಂಡಿ ಒತ್ತಿದರು. ರಸ್ತೆ ಕೆಲಸ ಮುಗಿದಿತ್ತು, ಮನೆ ನಿಶ್ಶಬ್ದವಾಗಿತ್ತು. ನನಗೆ ಏನೂ ಕೇಳಲಿಲ್ಲ. ಮತ್ತೆ ಒತ್ತಿದರು. ಇಲ್ಲ. "ಇದು ಯಾವಾಗ್ಲೂ ಹೀಗೇ ಇರೋದಮ್ಮ" ಎಂದು ಪಿಸುಗುಟ್ಟಿದರು. "ಸದ್ದು ಮಾಡಿದ್ರೆ ನನ್ನನ್ನ ಆಚೆ ಹಾಕ್ತಾರೆ."

ಅವರು ಚದುರಂಗದ ಪಂದ್ಯಗಳ ಫೋಟೋ ತೆಗೆಯುವವರು, ಮಾಮ. ಆಟಗಾರರು ತಲೆ ಹಿಡಿದು ಕೂತಿರುವ ಹಾಲ್‌ನಲ್ಲಿ ಒಂದು ಟಪ್ ಎಂದರೂ ಎಲ್ಲರೂ ತಿರುಗಿ ನೋಡುತ್ತಾರಂತೆ. ಅದಕ್ಕೇ ಈ ಕ್ಯಾಮೆರಾ ತೆಗೆದುಕೊಂಡದ್ದು. ಇದರಲ್ಲಿ ಒಂದು ಸ್ವಿಚ್ ಇದೆ, ಅದನ್ನು ತಳ್ಳಿದರೆ ಪರದೆಗಳು ಅಲುಗಾಡುವುದೇ ಇಲ್ಲ, ಸದ್ದಿಲ್ಲದೆ ಫೋಟೋ ಬೀಳುತ್ತದೆ. ಪರದೆ ಓಡದ ಮೇಲೆ ಲೆಕ್ಕವೂ ಏರುವುದಿಲ್ಲ. ಹಿಡಿದ ಕೈ ಹೊರಮೈಯನ್ನು ಸವೆಸಿದೆ, ಶಟರ್ ಸವೆದಿಲ್ಲ. ವರ್ಷಗಟ್ಟಲೆ ಆ ಹಾಲ್‌ಗಳಲ್ಲಿ ಇದ್ದೂ ಇದ್ದೂ ಅವರಿಗೆ ಜೋರಾಗಿ ಮಾತಾಡುವುದೇ ಮರೆತುಹೋಗಿದೆ. ಅದನ್ನು ನಾನು ಕಳ್ಳತನ ಎಂದುಕೊಂಡಿದ್ದೆ. ನಾನು ರೆಕಾರ್ಡ್ ಮಾಡಿದ ದಿನವೂ ಅವರು ಅಭ್ಯಾಸದಲ್ಲಿ ಹಾಗೇ ಒತ್ತಿದ್ದರು. ರಸ್ತೆಯ ಗದ್ದಲದಲ್ಲಿ ಇಬ್ಬರಿಗೂ ಗೊತ್ತಾಗಲಿಲ್ಲ.

ಅಂದರೆ ಆ ರೆಕಾರ್ಡಿಂಗ್‌ನಲ್ಲಿ ಶಟರ್ ಇಲ್ಲವೇ ಇಲ್ಲ. ಅವರ ಎದುರೇ ಕೂತು ಪೂರ್ತಿ ಕೇಳಿದೆ. ರಸ್ತೆ ಅಗೆಯುವ ಮೆಷಿನ್ನು, ಮಧ್ಯೆ ಒಮ್ಮೆ ಅವರ ಕೆಮ್ಮು, ಅಷ್ಟೇ.

ನೀನು ಏನನ್ನು ಕೇಳಿದೆ ಮಾಮ? ಯಾವ ಪರದೆ ಎಳೆಯುತ್ತಿತ್ತು?

ನನಗೆ ಅನ್ನಿಸುವುದನ್ನು ಹೇಳಿಬಿಡುತ್ತೇನೆ. ನಾನು ಕೆಲಸ ಬಿಡುವುದು ನಿನಗೆ ಇಷ್ಟವಿಲ್ಲ. ಇಂಥ ಕ್ಯಾಮೆರಾಗಳು ಬಂದಮೇಲೆ ನಿನ್ನ ಅಂಗಡಿ ಮುಚ್ಚಿತು, ಅದಕ್ಕೇ ಇವುಗಳ ಮೇಲೆ ಹಲ್ಲು ಕಡಿಯುತ್ತೀಯ. ಅದನ್ನು ಬಾಯಿಬಿಟ್ಟು ಹೇಳಬಹುದಿತ್ತು. ನನ್ನ ಜೀವಮಾನದ ಒಂದೇ ಒಂದು ಖರೀದಿಯಲ್ಲಿ ಸುಳ್ಳು ಹೇಳಬೇಕಿತ್ತಾ? ನಾನು ನಿನ್ನ ಮಾತನ್ನು ಗೋಡೆಗಿಂತ ಹೆಚ್ಚು ನಂಬಿದ್ದೆ.

ಇಷ್ಟೇ.


ಜುಲೈ ೧೪

ಮಾಮ,

ನಿನ್ನಿಂದ ಉತ್ತರ ಇಲ್ಲ. ದಿನಾ ಅಂಚೆಯವರ ಮುಖ ನೋಡಿ ನೋಡಿ ಅವರೇ ದೂರದಿಂದ ಕೈ ಅಲ್ಲಾಡಿಸುವಷ್ಟು ಪರಿಚಯವಾಯಿತು.

ಮೊದಲ ವಾರ ಸಿಟ್ಟಿನಲ್ಲೇ ಕಳೆದೆ. ಎರಡನೇ ವಾರ ಸಿಟ್ಟು ಮುಗಿದು ಬರೀ ನೀನು ಉಳಿದೆ. ಆಗ ಕಳೆದ ಸಲ ನಿಮ್ಮ ಮನೆಗೆ ಬಂದಿದ್ದು ನೆನಪಾಯಿತು. ಅತ್ತೆ ಅಂಗಡಿಗೆ ಹೋಗಿದ್ದರು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು, ಕೂಗಿತು, ಕೂಗುತ್ತಲೇ ಇತ್ತು. ನಾನು ಸ್ನಾನದ ಮನೆಯಿಂದ ಒದ್ದೆ ಕಾಲಲ್ಲಿ ಓಡಿ ಬಂದು ಆರಿಸಿದೆ. ನೀನು ಎರಡು ಹೆಜ್ಜೆ ಆಚೆ ಪೇಪರ್ ಓದುತ್ತಾ ಕೂತಿದ್ದೆ. "ಎಷ್ಟು ಮೈಮರೆತು ಓದ್ತೀಯ ಮಾಮ" ಎಂದೆ. ನೀನು ತಲೆ ಆಡಿಸಿ ನಕ್ಕೆ. ಆವತ್ತೆಲ್ಲ ನಾನು ಏನು ಹೇಳಿದರೂ ತಲೆ ಆಡಿಸಿ ನಗುತ್ತಿದ್ದೆ. ಮಾಮ ವಯಸ್ಸಾದಂತೆ ಮೃದುವಾಗುತ್ತಿದ್ದಾನೆ ಎಂದುಕೊಂಡು ಬಸ್ಸು ಹತ್ತಿದ್ದೆ. ಎಂಥ ದಡ್ಡಿ ನಾನು. ಫೋನ್ ಬೇಡ, ಬರೆದು ಕಳಿಸು ಎಂದಾಗಲಾದರೂ ಹೊಳೆಯಬೇಡವಾ?

ನಿನ್ನನ್ನು ಸುಳ್ಳುಗಾರ ಎಂದೆ. ತಪ್ಪಾಯಿತು ಮಾಮ. ನೀನು ಏನನ್ನೂ ವಿವರಿಸಬೇಕಾಗಿಲ್ಲ.

ಇದರ ಜೊತೆ ಪಾರ್ಸಲ್ಲಿನಲ್ಲಿ ಕ್ಯಾಮೆರಾ ಇದೆ. ಪಿಸುಮಾತಿನವರ ಹತ್ತಿರ ಕ್ಷಮೆ ಕೇಳಿ, ಹೀಗೆ ಹೀಗೆ, ನಮ್ಮ ಮಾಮನ ಕೈಗೆ ಒಂದು ಸಲ ಹೋಗಿ ಬರಬೇಕು ಎಂದೆ. ಬೇರೊಬ್ಬರು ಕೇಳುತ್ತಿದ್ದರೂ ತಿಂಗಳ ಕೊನೆವರೆಗೆ ಕಾಯುತ್ತಾರಂತೆ. "ಎದುರಿಗಿರೋರು ಯೋಚನೆ ಮಾಡ್ತಿರೋವಾಗ ಗಡಿಬಿಡಿ ಮಾಡಬಾರದಮ್ಮ" ಎಂದರು. ಶಟರನ್ನು ಅವರು ವರ್ಷಗಳಿಂದ ಓಡಿಸಿಯೇ ಇಲ್ಲ. ಗೋಡೆಯ ಪರೀಕ್ಷೆ ನಾನು ಮಾಡಿದ್ದೂ ಸದ್ದಿಲ್ಲದ ಸ್ವಿಚ್ಚಿನಲ್ಲೇ, ಅದರಿಂದ ಏನೂ ಗೊತ್ತಾಗಿಲ್ಲ. ಸುಮ್ಮನೆ ಬಿದ್ದಿದ್ದ ಪರದೆ ಹಿಡಿದುಕೊಂಡಿದೆಯಾ, ಚೆನ್ನಾಗಿದೆಯಾ ಎನ್ನುವುದು ಇನ್ನೂ ಯಾರಿಗೂ ಗೊತ್ತಿಲ್ಲ. ಮೇಲಿನ ಸ್ವಿಚ್ ಎಡಕ್ಕೆ ತಳ್ಳಿದರೆ ಶಟರ್ ಓಡುತ್ತದೆ, ಬಲಕ್ಕೆ ತಳ್ಳಿದರೆ ಸದ್ದಿಲ್ಲ. ದವಡೆಗೆ ಇಟ್ಟು ನೋಡಿ ಹೇಳು. ನಾನು ನಂಬುತ್ತೇನೆ. ನನ್ನ ಜಾಗಕ್ಕೆ ಬರುವ ಹುಡುಗಿ ಆಗಲೇ ಬಂದು ಕೆಲಸ ಕಲಿಯುತ್ತಿದ್ದಾಳೆ, ಹಿಂದೆ ಹೋಗುವ ದಾರಿ ಮುಚ್ಚಿದೆ.

ಅತ್ತೆಗೆ ನನ್ನ ನೆನಪು ಹೇಳು.

ನಿನ್ನ ಮಿಡತೆ


ಜುಲೈ ೨೨

ಮಿಡತೆ,

ಕ್ಯಾಮೆರಾ ತೆಗೆದುಕೋ. ಮೊದಲು ಅದನ್ನು ಹೇಳಿಬಿಡುತ್ತೇನೆ, ಆಮೇಲೆ ಉಳಿದದ್ದು.

ಎಡಕ್ಕೆ ತಳ್ಳಿ ದವಡೆಗೆ ಇಟ್ಟೆ. ಮೊದಲ ಹತ್ತು ಹನ್ನೆರಡು ಸಲ ಪರದೆ ಮುನಿಸಿಕೊಂಡ ಹಾಗೆ ಬಿಗಿಯಾಗಿ ಓಡಿತು. ಆಮೇಲೆ ಸಡಿಲವಾಯಿತು. ಸಂಜೆ ಹೊತ್ತಿಗೆ ಎರಡು ಪರದೆಗಳೂ ಒಂದರ ಹಿಂದೆ ಒಂದು ಎಷ್ಟು ಚೊಕ್ಕವಾಗಿ ಓಡುತ್ತಿದ್ದವೆಂದರೆ ನಾನು ಬೇಕೆಂದೇ ಇನ್ನಷ್ಟು ಒತ್ತಿದೆ. ಕೇಳಿಸಿತು ಎನ್ನುವುದಕ್ಕಿಂತ ತಿಳಿಯಿತು. ಅಂಗಡಿ ಮುಚ್ಚಿದ ಮೇಲೆ ಮೊದಲ ಸಲ ಏನೋ ಒಂದು ನನಗೆ ಪೂರ್ತಿ ತಿಳಿಯಿತು, ಕಣ್ಣು ತುಂಬಿ ಬಂತು. ಬಿಳಿ ಗೋಡೆಯೂ ಆಯಿತು, ಒಂದೇ ಸಮ ಇದೆ. ಒಳ್ಳೆಯ ಶಟರ್. ವಾರಕ್ಕೊಮ್ಮೆಯಾದರೂ ಎಡಕ್ಕೆ ತಳ್ಳಿ ಓಡಿಸುತ್ತಿರು.

ಇನ್ನು ನನ್ನ ವಿಷಯ. ಎರಡು ವರ್ಷದಿಂದ ಕಿವಿ ಕೇಳುವುದಿಲ್ಲ. ಮೊದಲು ಫೋನ್ ಹೋಯಿತು, ಆಮೇಲೆ ಹೆಂಗಸರ ದನಿ ಹೋಯಿತು, ಈಗ ಎಲ್ಲವೂ ಗೋಡೆಯ ಆಚೆ ಇದೆ. ನೀನು ಕಳಿಸಿದ್ದನ್ನು ಅತ್ತೆ ಹಾಕಿದಾಗ ಫೋನನ್ನು ಕಿವಿಗೆ ಒತ್ತಿಕೊಂಡೆ. ಏನೂ ಇಲ್ಲ. ಅವಳು ಪಕ್ಕದಲ್ಲಿ ಏನೋ ಹೇಳಿದಳು, "ಸುಮ್ನಿರೆ, ಕೇಳೋಕೆ ಬಿಡು" ಎಂದು ಕೈ ಎತ್ತಿದೆ. ಶಟರ್ ಇಲ್ಲವೇ ಇಲ್ಲ ಎಂದೇ ಅವಳು ಹೇಳಿರಬೇಕು. ನಿನ್ನ ಕಾಗದದಲ್ಲಿ "ನೀನು ಬೇಡ ಎಂದರೆ ಬೇಡ" ಎಂದಿತ್ತು. ಕೇಳಿಸಲಿಲ್ಲ ಎಂದು ಬರೆಯಲು ಕೈ ಬರಲಿಲ್ಲ. ಬೇಕು ಎಂದು ಬರೆದು ನೀನು ಮುಳುಗಿದರೆ? ಬೇಡ ಎಂದರೆ ಯಾರಿಗೂ ನಷ್ಟವಿಲ್ಲ ಎಂದುಕೊಂಡೆ. ನಿನ್ನ ಕ್ಯಾಮೆರಾಗಳ ಮೇಲೆ ನನಗೆ ಸಿಟ್ಟಿಲ್ಲ ಮಗೂ. ನಿನ್ನ ಎದುರು ಮಾಮನಾಗಿ ಇರಬೇಕು ಎನ್ನುವ ಆಸೆ, ಅಷ್ಟೇ. ಆ ವಯಸ್ಸಾದವರಿಗೆ ನನ್ನಿಂದ ಅವಮಾನವಾಯಿತು. ನನ್ನ ಪರವಾಗಿ ನೀನೇ ಇನ್ನೊಮ್ಮೆ ಕ್ಷಮೆ ಕೇಳು.

ನಿನ್ನೆ ಮಧ್ಯಾಹ್ನ ನಡೆದದ್ದನ್ನೂ ಬರೆಯುತ್ತೇನೆ. ಕ್ಯಾಮೆರಾವನ್ನು ವಾಪಸ್ ಕಳಿಸುವ ಮುಂಚೆ ಇನ್ನೊಂದು ಸಲ ನೋಡೋಣ ಎಂದು ಕಿಟಕಿಯ ಪಕ್ಕ ಕೂತು ದವಡೆಗೆ ಇಟ್ಟು ಒತ್ತಿದೆ. ಏನೂ ತಿಳಿಯಲಿಲ್ಲ. ಮತ್ತೆ ಒತ್ತಿದೆ. ಇಲ್ಲ. ಗಾಬರಿಯಾಯಿತು. ಕಿವಿ ಹೋಯಿತು, ಈಗ ದವಡೆಯೂ ಹೋಯಿತು ಎಂದುಕೊಂಡು ಒಂದೇ ಸಮ ಒತ್ತುತ್ತಾ ಕೂತೆ. ಬೆರಳು ಬೆವರಿತು. ಎಷ್ಟೋ ಹೊತ್ತಿನ ಮೇಲೆ ನೋಡಿದರೆ ಸ್ವಿಚ್ ಬಲಕ್ಕೆ ಸರಿದಿತ್ತು. ನನ್ನ ಪೆದ್ದುತನಕ್ಕೆ ನಾನೇ ನಕ್ಕೆ. ಇದರಲ್ಲಿ ರೋಲ್ ಗೀಲ್ ಇಲ್ಲ, ಒತ್ತಿದ್ದೆಲ್ಲ ಫೋಟೋ ಆಗಿರುತ್ತದೆ ಎನ್ನುವುದು ಹಿಂದಿನ ಗಾಜಿನ ಪರದೆ ನೋಡಿದ ಮೇಲೆ ಹೊಳೆಯಿತು.

ನಾನು ಕಿಟಕಿ ಕಡೆಗೆ ತಿರುಗಿದ್ದೆ. ಕ್ಯಾಮೆರಾ ನನ್ನ ದವಡೆಯ ಪಕ್ಕದಿಂದ ಅಡುಗೆಮನೆ ಬಾಗಿಲನ್ನು ನೋಡುತ್ತಿತ್ತು. ಮೊದಲ ಫೋಟೋದಲ್ಲಿ ಅತ್ತೆ ಟವೆಲಿನಲ್ಲಿ ಕೈ ಒರೆಸುತ್ತಾ ಬಾಗಿಲಿಗೆ ಬಂದಿದ್ದಾಳೆ. ಮುಂದಿನದರಲ್ಲಿ ತುಟಿ ಅಗಲವಾಗಿದೆ, "ರೀ" ಎಂದು ಕರೆಯುವಾಗ ಅವಳ ತುಟಿ ಹಾಗೇ ಆಗುತ್ತದೆ. ಅದರ ಮುಂದಿನದರಲ್ಲೂ "ರೀ". ಆಮೇಲೆ ಕೈ ಎತ್ತಿದ್ದಾಳೆ. ಆಮೇಲೆ ಬಾಗಿಲು ಖಾಲಿ. ಮತ್ತೆ ಬಂದಿದ್ದಾಳೆ, ಮತ್ತೆ ಕರೆದಿದ್ದಾಳೆ, ಕತ್ತಿನ ನರ ಉಬ್ಬುವಷ್ಟು. ಕೊನೆಯ ಐದಾರು ಫೋಟೋಗಳಲ್ಲಿ ಕರೆಯುವುದನ್ನು ಬಿಟ್ಟು ಬಾಗಿಲಿಗೆ ಭುಜ ಆನಿಸಿ ನನ್ನನ್ನೇ ನೋಡುತ್ತಾ ನಿಂತಿದ್ದಾಳೆ.

ಮಿಡತೆ, ಆ ಮುಖವನ್ನು ನಾನು ನೋಡಿಯೇ ಇರಲಿಲ್ಲ. ಅವಳು ಹತ್ತಿರ ಬಂದು ಭುಜ ಮುಟ್ಟಿದಾಗ ನಾನು ತಿರುಗುತ್ತೇನೆ. ತಿರುಗುವಷ್ಟರಲ್ಲಿ ಅವಳು ಯಾವಾಗಲೂ ನಗುತ್ತಿರುತ್ತಾಳೆ. ನಾನೂ ತಲೆ ಆಡಿಸಿ ನಗುತ್ತೇನೆ. ನಾನು ನಿಭಾಯಿಸುತ್ತಿದ್ದೇನೆ, ಇವಳಿಗೆ ಗೊತ್ತೇ ಆಗಿಲ್ಲ ಎಂದುಕೊಂಡು ಎರಡು ವರ್ಷ ಕಳೆದುಬಿಟ್ಟೆ.

ಎದ್ದು ಅವಳ ಹತ್ತಿರ ಹೋಗಿ ಫೋಟೋ ತೋರಿಸಿದೆ. "ನನಗೆ ಕಿವಿ ಕೇಳಲ್ಲ ಕಣೆ" ಎಂದೆ. ಎಷ್ಟು ಜೋರಾಗಿ ಹೇಳಿದೆನೋ ಗೊತ್ತಿಲ್ಲ. ಅವಳು ಫೋಟೋ ನೋಡಿದಳು, ನನ್ನನ್ನು ನೋಡಿದಳು, ಏನೋ ಹೇಳಿದಳು. ತಲೆ ಆಡಿಸಲು ಹೊರಟವನು ತಡೆದುಕೊಂಡೆ. "ಕೇಳಿಸಲಿಲ್ಲ. ಇನ್ನೊಂದ್ಸಲ ಹೇಳು" ಎಂದೆ. ಹೇಳಿದಳು. "ಇನ್ನೊಂದ್ಸಲ" ಎಂದೆ. ಅವಳ ಕಣ್ಣಲ್ಲಿ ನೀರು ಬಂತು, ನಗುವೂ ಬಂತು. ನನ್ನ ಎರಡೂ ಕೆನ್ನೆ ಹಿಡಿದು, ಒಂದೊಂದೇ ಮಾತನ್ನು ಬಿಡಿಸಿ, ಮತ್ತೆ ಹೇಳಿದಳು.

ಊಟ ಆರಿಹೋಯಿತು ಎನ್ನುತ್ತಿದ್ದಳು. ಬಿಸಿ ಮಾಡಿಕೊಂಡು ಇಬ್ಬರೂ ಕೂತು ಉಂಡೆವು.

ಮಾಮ